ಸಟನ್ನಿನ ಇಂಜಿನ್ನಿಗೆ ಎರಡು ನಿಂಬೆಹಣ್ಣು

ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ, ಲಂಡನ್ನಿನ ದಕ್ಷಿಣದಂಚಿನ ಸಟನ್ನಿನ ಆಚೆಗಿರುವ ಹಳೆಯ ರೈಲು ಅಂಗಳದಲ್ಲಿ, ಬೆಳ್ಳಗೆ ಹೊತ್ತಬೇಕಾಗಿದ್ದ ದೀಪ ಕೆಂಪಗೆ ಹೊತ್ತಿತು. ಎಲ್ಲ ತಪ್ಪಿದ್ದು ಅಲ್ಲಿಂದ.

ಅಲ್ಲಿಯವರೆಗೆ ಅದು ಒಳ್ಳೆಯ ದಿನವಾಗಿತ್ತು. ನಾನು ಮೈಸೂರಿನಿಂದ ಲಂಡನ್ನಿಗೆ, ಕ್ವೀನ್ಸ್‌ಬರಿಯ ಅಕ್ಕನ ಮನೆಗೆ ಬಂದು ಎರಡು ವಾರವಾಗಿತ್ತು. 2003ರ ಆಯುಧಪೂಜೆ ಶನಿವಾರ ಬಿದ್ದಿತ್ತು. ಭಾವ ಕುಂದಾಪುರದವರು, ಕೌನ್ಸಿಲ್ ಕಚೇರಿಯಲ್ಲಿ ಕೆಲಸ, ಶನಿವಾರಗಳೆಲ್ಲ ಹವ್ಯಾಸಿಗಳು ಸೇರಿ ದುರಸ್ತಿ ಮಾಡುತ್ತಿದ್ದ ಒಂದು ಹಳೆಯ ಡೀಸೆಲ್ ರೈಲು ಇಂಜಿನ್ನಿಗೆ ಮೀಸಲು. "ನನಗೂ ಅದಕ್ಕೂ ವಾರಕ್ಕೊಂದು ದಿನದ ಜಗಳ" ಎಂದು ಅಕ್ಕ ಹೇಳುತ್ತಲೇ ಪುಳಿಯೋಗರೆ ಡಬ್ಬಿ ಕಟ್ಟಿಕೊಟ್ಟಳು. ಅಂಗಡಿ ಬೀದಿಯಲ್ಲಿ ಭಾವ ಎರಡು ನಿಂಬೆಹಣ್ಣು ಆರಿಸಿದರು, ಹೆಣ್ಣು ನೋಡಲು ಬಂದವರ ಹಾಗೆ ತಿರುಗಿಸಿ ತಿರುಗಿಸಿ.

ದಿನವಿಡೀ ಓಡಾಡುವ ಟಿಕೆಟ್ಟಿಗೆ ಐದು ಪೌಂಡು ಚಿಲ್ಲರೆ. ಟ್ಯೂಬ್ ಎಂಬ ನೆಲದಡಿಯ ರೈಲಿನಲ್ಲಿ ಲಂಡನ್ ಬ್ರಿಡ್ಜ್, ಅಲ್ಲಿಂದ ಸಟನ್ನಿಗೆ ರೈಲು, ಮತ್ತೆ ಬಸ್ಸು. ಮನೆಗಳ ಹಿತ್ತಿಲುಗಳು, ಒಣಹಾಕಿದ ಬಟ್ಟೆ, ಸೇಬಿನ ಮರಗಳು ಕಿಟಕಿಯಾಚೆ ಸರಿದವು. ಮೋಡ ಇತ್ತು, ಮಳೆ ಬರಲಿಲ್ಲ.

ಇಂಜಿನ್ನಿಗೆ ನಲವತ್ತು ದಾಟಿದ ವಯಸ್ಸು. ಯಾರೋ ಅದರ ಮೂಲ ದೀಪಗಳನ್ನು ಕಿತ್ತು ಲಾರಿಯದರಂಥ ದೊಡ್ಡ ದೀಪ ಕೂರಿಸಿದ್ದರಂತೆ. ಭಾವ ಹಳೆಯವನ್ನು ಹುಡುಕಿ ತಂದು, ಹಿತ್ತಾಳೆಯ ಬಳೆ ಉಜ್ಜಿ, ಗಾಜು ಕೂರಿಸಿ, ಹೊಸ ತಂತಿ ಎಳೆದಿದ್ದರು. ಎರಡು ತುದಿಗೂ ಬಿಳಿ, ಕೆಂಪು ಎರಡೂ ಇದ್ದವು. ಹೋಗುವ ಕಡೆಗೆ ಬಿಳಿ, ಬಾಲಕ್ಕೆ ಕೆಂಪು. ಅಂದು ಮೊದಲ ಬಾರಿಗೆ ಅವನ್ನು ಹೊತ್ತಿಸಿ ಇಂಜಿನ್ ಓಡಿಸುವುದಿತ್ತು.

ಚಾಲಕ ಕೀತ್, ನಿವೃತ್ತ ಇಂಗ್ಲಿಷ್ ಮುದುಕ, ಪುಳಿಯೋಗರೆ ತಿಂದು ಕಣ್ಣೊರೆಸಿಕೊಂಡ. "ಇದು ಅನ್ನವೋ ಶಿಕ್ಷೆಯೋ?" ಎಂದವನು ಇನ್ನಷ್ಟು ಬಡಿಸಿಕೊಂಡ. ಭಾವ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ನಾನು ನಿಂತಿದ್ದ ಕಡೆಯ ಚಕ್ರಗಳ ಮುಂದೆ ಹಳಿಗಳ ಮೇಲೆ ನಿಂಬೆಹಣ್ಣು ಇಟ್ಟರು. ಹಳಿಯ ಬೆನ್ನು ನುಣುಪು. ಅವು ನಿಲ್ಲಲು ಎರಡು ಚೂರು ಕಲ್ಲು ಬೇಕಾದವು. ಭಾವ ಪಕ್ಕಕ್ಕೆ ಸರಿದು ಕೈಯೆತ್ತಿದರು. ಕೀತ್ ದೀಪದ ಗುಂಡಿ ಒತ್ತಿದ.

ನಮ್ಮ ಕಡೆಯ ದೀಪಗಳು ಕೆಂಪಾದವು.

"ಅಯ್ಯೋ, ಇಂವ ಆಚಿಗ್ ಹೊರಟ ಮಾರಾಯ್ತಿ! ನಿಂಬಿಹಣ್ಣ್ ಈಚಿಗಿತ್ತಲ್ಲೆ!" ಎಂದರು ಭಾವ. ನಿಂಬೆಹಣ್ಣನ್ನು ಚಕ್ರದಡಿ ಜಜ್ಜದೆ ಹೊರಡುವುದು ಅಪಶಕುನ. ಎರಡನ್ನೂ ಆಚೆ ತುದಿಗೆ ಒಯ್ಯಲು ಅವರು ಹಳಿಗಳ ನಡುವೆ ಹೊಕ್ಕು ಬಗ್ಗಿದರು. ಆದರೆ ಕೀತ್ ಹೊರಟದ್ದು ಈಚೆಗೇ. ತಂತಿಗಳು ಅದಲುಬದಲಾಗಿದ್ದವು, ಅಷ್ಟೆ. ಇಂಜಿನ್ನಿನ ಉದ್ದ ಮೂತಿಯ ಮರೆಯಲ್ಲಿ ಬಗ್ಗಿದ ಮನುಷ್ಯ ಅವನಿಗೆ ಕಾಣುವಂತಿರಲಿಲ್ಲ.

ಇಂಜಿನ್ ಅಲುಗಿದ್ದನ್ನು ನಾನು ಕಂಡೆ. "ನಿಲ್ಲಿ! ನಿಲ್ಲಿ!" ಎಂದು ಕಿರುಚಿದೆ. ಕಿರುಚಿದ್ದು ಕೀತ್‌ಗೆ. ಅಲ್ಲಿ ಕನ್ನಡ ಬರುತ್ತಿದ್ದವರು ಭಾವ ಒಬ್ಬರೇ. ಅವರು ವಿಧೇಯರಾಗಿ, ಬಗ್ಗಿದಂತೆಯೇ ನಿಂತುಬಿಟ್ಟರು.

ಕೀತ್‌ಗೆ ಪದ ತಿಳಿಯದಿದ್ದರೂ ಕಿರುಚು ತಿಳಿಯಿತು. ಬ್ರೇಕು ಕಿರುಗುಟ್ಟಿತು. ಇಂಜಿನ್ ನಿಂತಾಗ ಕೆಂಪು ದೀಪದ ಬೆಳಕು ಭಾವನ ಬೋಳುತಲೆಯ ಮೇಲಿತ್ತು.

ಕೀತ್ ಇಳಿದು ಬಂದು ಭಾವನನ್ನು ಅಪ್ಪಿಕೊಂಡ. ಬಹಳ ಹೊತ್ತು ಬಿಡಲಿಲ್ಲ. ಹಿಂದಿರುಗುವ ರೈಲಿನಲ್ಲಿ ನಾನು ಭಾವನ ಕೋಟಿನ ತೋಳು ಹಿಡಿದೇ ಕೂತಿದ್ದೆ. ಕ್ರಾಯ್ಡನ್ ದಾಟಿದ ಮೇಲೆ ಅವರು ಮೆಲ್ಲಗೆ ಕೇಳಿದರು: "ಅಲ್ಲ, ನೀನ್ ಇಂಜಿನ್ನಿಗ್ ಹೇಳದ್ದಾ, ನಂಗ್ ಹೇಳದ್ದಾ?" ನಗಲು ಹೋಗಿ ಅತ್ತೆ.

ಎಲ್ಲ ಕೇಳಿದ ಅಕ್ಕ ಬೈಯಲಿಲ್ಲ. ಭಾವನ ಎಣ್ಣೆಮೆತ್ತಿದ ಅಂಗಿಯನ್ನು ಮಡಿಸಿ ಅಟ್ಟದಲ್ಲಿಟ್ಟಳು. ಮುಂದಿನ ಶನಿವಾರ ಭಾವ ಮನೆಯಲ್ಲೇ ಉಳಿದರು, ಟೀವಿ ಹಚ್ಚಿ, ನೋಡದೆ. ನಾನು ಕಣ್ಣು ಮುಚ್ಚಿದಾಗಲೆಲ್ಲ ಕೆಂಪು ಹೊತ್ತುತ್ತಿತ್ತು. ಒಮ್ಮೊಮ್ಮೆ ಇಂಜಿನ್ ನಿಲ್ಲುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅವರೂ ಹೊರಳುವ ಸದ್ದು ಕೇಳುತ್ತಿತ್ತು.

ಅದರ ಮರುವಾರ ಅಂಗಿಯನ್ನು ಅಟ್ಟದಿಂದಿಳಿಸಿದವಳು ಅಕ್ಕನೇ. "ಆ ದೀಪ ಬೆಳ್ಳಗೆ ಹತ್ತೋದನ್ನ ನೋಡ್ದೆ ಇದ್ರೆ ಈ ಮನೇಲಿ ಯಾರೂ ನಿದ್ದೆ ಮಾಡಲ್ಲ. ನಾನೂ ಬರ್ತೀನಿ, ನಡೀರಿ."

ಅದೇ ಟ್ಯೂಬು, ಅದೇ ಹಿತ್ತಿಲುಗಳು, ಅಂದು ತುಂತುರು. ಭಾವ ತಂತಿ ಬದಲಿಸಿದರು. ನಿಂಬೆಹಣ್ಣು ಇಡುವ ಮೊದಲು ಕೀತ್ ಇಂಜಿನ್ ಆರಿಸಿ, ಹಿಂದೆ ಮುಂದೆ ನಡೆಸುವ ಹಿಡಿಯನ್ನು ಕಳಚಿ ತಂದು ನನ್ನ ಕೈಗೆ ಕೊಟ್ಟ. "ಇದು ನಿಮ್ಮ ಹತ್ತಿರ ಇರುವವರೆಗೆ ಇವಳು ಎಲ್ಲಿಗೂ ಹೋಗಲಾರಳು" ಎಂದ, ಇಂಜಿನ್ ತೋರಿಸಿ. ತಣ್ಣಗಿನ ಕಬ್ಬಿಣ. ಎರಡೂ ಕೈಯಲ್ಲಿ ಅವುಚಿಕೊಂಡೆ.

ಭಾವ ಹಣ್ಣಿಟ್ಟು ನಮ್ಮ ಬಳಿ ಬಂದು ನಿಂತರು. "ಕೇಳ್, ಸ್ಟಾಪ್ ಅಂದ್ರೆ ಅವನಿಗೆ. ಓಡಿ ಅಂದ್ರೆ ನಂಗೆ. ನಿಲ್ಲಿ ಅಂತ ಯಾರಿಗೂ ಹೇಳ್ಬೇಡ!" ಅಕ್ಕ ಅವರ ಬೆನ್ನಿಗೊಂದು ಗುದ್ದಿದಳು, ಗುದ್ದಿದ ಕೈಯನ್ನು ಅಲ್ಲಿಯೇ ಇಟ್ಟಳು. ನಾನು ಹಿಡಿಯನ್ನು ಕೀತ್‌ಗೆ ಮರಳಿಸಿದೆ.

ಹಾಲಿನಂಥ ಬೆಳಕು. ಹಳೆಯ ಗಾಜಿನದು, ಕಣ್ಣಿಗೆ ಚುಚ್ಚಲಿಲ್ಲ. ನಿಂಬೆಹಣ್ಣುಗಳು ಚಿಟಿಲ್ಲೆಂದವು, ಇಂಜಿನ್ ನಮ್ಮನ್ನು ನಿಧಾನವಾಗಿ ದಾಟಿತು, ಹಿಂದಿನ ತುದಿಯಲ್ಲಿ ಕೆಂಪು ಪುಟ್ಟದಾಗುತ್ತ ದೂರವಾಯಿತು.

ಭಾನುವಾರ ನಾನು ಎದ್ದಾಗ ಪರದೆಯ ಮೇಲೆ ಬಿಸಿಲಿತ್ತು, ಅಕ್ಕ ತಂದಿಟ್ಟ ಕಾಫಿ ಆರಿಹೋಗಿತ್ತು. ಪಕ್ಕದ ಕೋಣೆಯಲ್ಲಿ ಭಾವ ಇನ್ನೂ ಗೊರಕೆ ಹೊಡೆಯುತ್ತಿದ್ದರು.