ಮೋಟಾರಿನ ಮೇಲಿನ ಗುರುತು

ಹೋದ ವಾರ ಹಿಟ್ಟಿನ ಗಿರಣಿಯಲ್ಲಿ ಜೋಳದ ಡಬ್ಬಿ ಇಟ್ಟು ನಿಂತಿದ್ದೆ. ಮೋಟಾರಿನಿಂದ ಕಾದ ಗ್ರೀಸಿನ ವಾಸನೆ ಬಂತು. ಶೇಡಬಾಳದ ಫಿಟ್ಟರ್ ಕಾಕಾ ನೆನಪಾದರು... ಅವರು ತೀರಿಕೊಂಡು ತಿಂಗಳಾಗಿತ್ತು. ನಾನಿನ್ನೂ ಅವರ ಮನೆಗೆ ಹೋಗಿರಲಿಲ್ಲ.

ಎಂಬತ್ತರ ದಶಕದ ಕೊನೆ. ಕೃಷ್ಣಾ ದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಹೊಸ ಸೂಪರ್‌ವೈಸರ್. ಕಬ್ಬು ಸೀಳುವ ಯಂತ್ರವನ್ನು ತಿರುಗಿಸುವ ದೊಡ್ಡ ಮೋಟಾರಿನ ಬೇರಿಂಗ್ ಎಷ್ಟು ನಡುಗುತ್ತಿದೆ ಎಂದು ದಿನಾ ಅಳೆಯುವುದು ಕಾಕಾರ ಕೆಲಸ. ಬೇರಿಂಗ್ ಕೂತ ಕಬ್ಬಿಣದ ಕವಚದ ಮೇಲೆ ಸೀಮೆಸುಣ್ಣದ ಒಂದು ದುಂಡು ಗುರುತಿತ್ತು. ಅಲ್ಲಿಯೇ ಮೀಟರಿನ ಮೊನೆ ಒತ್ತಿ, ಮುಳ್ಳು ತೋರಿಸಿದ್ದನ್ನು ರಜಿಸ್ಟರಿನಲ್ಲಿ ಬರೆಯಬೇಕು. ಅಂಕಿ ಏರತೊಡಗಿದರೆ ಬೇರಿಂಗ್ ಸವೆಯುತ್ತಿದೆ ಎಂದರ್ಥ.

ಕಾಕಾರ ಅಂಕಿ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಅಳೆಯಬೇಕಾದ ಹೊತ್ತಿಗೆ ಎರಡು ಸಲ ಅವರು ಕ್ಯಾಂಟೀನಿನಲ್ಲಿ ಕಂಡರು.

“ಏನ್ ಕಾಕಾ, ಮೋಟಾರ್ ಏನಂತೈತಿ?” ಎಂದು ಒಬ್ಬ ಕೆಣಕಿದ.

“ನಿನ್ನ ಹೆಸರ ಹಿಡದು ಬೈಯಾಕತ್ತೈತಿ, ಹೋಗಿ ಕೇಳಲೇ,” ಎಂದರು ಕಾಕಾ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಈ ಮನುಷ್ಯ ಕೂತಲ್ಲೇ ಬರೆಯುತ್ತಾನೆ ಎನಿಸಿತು.

ಒಂದು ಸಂಜೆ ಯಾರೂ ಇಲ್ಲದಾಗ ಆ ಗುರುತನ್ನು ಒರೆಸಿ, ಗೇಣು ಕೆಳಗೆ, ಮೋಟಾರಿನ ದಪ್ಪ ಪಾದದ ಹತ್ತಿರ ಹೊಸದು ಹಾಕಿದೆ. ಅಲ್ಲಿ ನಡುಕ ಕಡಿಮೆ. ನಿಜವಾಗಿ ಅಳೆದರೆ ಅಂಕಿ ಇಳಿಯಲೇಬೇಕು. ಇಳಿಯಲಿಲ್ಲ. ಮೂರು ದಿನ ನೋಡಿ ರಜಿಸ್ಟರನ್ನು ಚೀಫ್ ಇಂಜಿನಿಯರ್ ಮುಂದಿಟ್ಟೆ. ಕಾಕಾರನ್ನು ಕಬ್ಬಿನ ಅಂಗಳದ ಪಂಪಿಗೆ ಹಾಕಿದರು. ಅವರು ಏನೂ ಕೇಳದೆ ಮೀಟರನ್ನು ಒರೆಸಿ ಕೊಟ್ಟು ಹೋದರು.

ಅವರ ಜಾಗಕ್ಕೆ ಬಂದ ಹೊಸಬ ಅಳೆದಾಗ ಅಂಕಿ ಇಳಿಯಿತು. ನನ್ನ ಸಂಶಯ ನಿಜವೆಂದುಕೊಂಡೆ. ಗುರುತನ್ನು ಮೊದಲಿನ ಜಾಗಕ್ಕೆ ತರಬೇಕಿತ್ತು. ಯಾಕೆಂದು ಯಾರಾದರೂ ಕೇಳಿದರೆ... ಎಂದು ಹಾಗೇ ಬಿಟ್ಟೆ.

ಐದಾರು ವಾರ ಕಳೆದು ಒಂದು ಮಧ್ಯಾಹ್ನ ಮೋಟಾರ್ ಕಿರುಚಿ ನಿಂತಿತು. ಬಿಚ್ಚಿದರೆ ಬೇರಿಂಗ್ ಚೂರುಚೂರು. ಪಾದದ ಹತ್ತಿರ ಅಳೆದದ್ದರಿಂದ ಅದರ ಸವೆತ ಅಂಕಿಯಲ್ಲಿ ಕಂಡಿರಲೇ ಇಲ್ಲ. ಗೇಟಿನಾಚೆ ಕಬ್ಬಿನ ಗಾಡಿಗಳ ಸಾಲು. ಕಾಕಾ ಅಂಗಳದಿಂದ ಬಂದು ಹಳೆಯ ಜಾಗದ ಮೇಲೆ ಬೆರಳಿಟ್ಟರು.

“ಗುರುತ ಇಲ್ಲಿತ್ರಿ, ಸಾಹೇಬ್ರ. ಯಾರೋ ಕೆಳಗ ತಂದಿದ್ರು. ನಾ ಹಳೇ ಜಾಗಾದಾಗ ಹಿಡೀತಿದ್ದೆ. ಹೊಸಾವಗ ನೀವು ತೋರ್ಸಿರ್ತೀರಿ ಅನ್ಕೊಂಡೆ.”

“ಮತ್ತ ಅವತ್ತ ಯಾಕ ಹೇಳ್ಲಿಲ್ಲ?” ಎಂದು ಕೇಳಿದೆ.

“ಯಾರ ಹೆಸರ ಹೇಳ್ಲಿ? ನಾ ಕಣ್ಣಿಲೆ ನೋಡಿಲ್ಲಲ್ರಿ.”

ದಿನಾ ಎಲ್ಲರಿಗಿಂತ ಮೊದಲೇ ಬಂದು, ಅಳೆದು ಮುಗಿಸಿಯೇ ಅವರು ಚಹಾಕ್ಕೆ ಹೋಗುತ್ತಿದ್ದರೆಂದು ಆಮೇಲೆ ತಿಳಿಯಿತು. ಆದರೂ ನಾನು ಸುಮ್ಮನಿದ್ದೆ. ತಪ್ಪು ಹೊಸಬನ ತಲೆಗೆ ಬಂತು. ಕಾಕಾ ನಿವೃತ್ತಿಯವರೆಗೂ ಪಂಪಿನ ಹತ್ತಿರವೇ ಉಳಿದರು.

ನಿನ್ನೆ ಶೇಡಬಾಳಕ್ಕೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟು ಎದುರಿಗೆ ಕೂತರು.

“ಮೋಟಾರಿನ ಕೆಲಸ ಯಾಕ ಬಿಡಿಸಿದ್ರಂತ ಅವ್ರು ಮನ್ಯಾಗ ಎಂದೂ ಬಾಯಿ ಬಿಡ್ಲಿಲ್ರಿ. ನಿಮಗೇನರ ಗೊತ್ತೈತೇನ್ರಿ?”

ಹೇಳಿದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಎಲ್ಲವನ್ನೂ... ಆಕೆ ಖಾಲಿ ಲೋಟ ತೆಗೆದು ಪಕ್ಕಕ್ಕಿಟ್ಟರು.

“ಅವ್ರು ಇದ್ದಾಗ ಬಂದು ಹೇಳಬೇಕಿತ್ರಿ, ಸಾಹೇಬ್ರ,” ಎಂದರು ಕೊನೆಗೆ.

ಹೇಳಬೇಕಿತ್ತು.