ಗುಳಿಗೆ ನುಂಗಿದ ಒಡಪು

ಶಹಾಬಾದಿನ ಶಿವಕಾಂತಮ್ಮ ಮುಂಜಾನೆ ದೇವರಿಗೆ ದೀಪ ಹಚ್ಚಿ, ಗಂಡನ ಹೆಸರನ್ನು ಒಡಪಿನಲ್ಲಿ ಕಟ್ಟಿ ಹೇಳದೆ ಅವರ ಕೈಗೆ ಚಹಾ ಕೊಟ್ಟವರಲ್ಲ. ಮದುವೆಯ ದಿನ ಹೊಸ್ತಿಲಲ್ಲಿ ಹೆಂಗಸರು ಅಡ್ಡಗಟ್ಟಿ ಹೇಳಿಸುವ ಒಡಪು ಉಳಿದವರಿಗೆ ಅಂದಿಗೆ ಮುಗಿಯುತ್ತದೆ. ಇವರಿಗೆ ಕೂದಲು ನೆರೆತ ಮೇಲೂ ಅದು ನಿತ್ಯದ್ದು.

“ಹಾಸುಗಲ್ಲಿನ ಅಂಗಳದಾಗ ಬೇವಿನ ಗಿಡದ ಛಾಯಾ, ಚಹಾ ಆರಿದ್ರೂ ಸಿಟ್ಟಾಗಲ್ಲ ನನ್ನ ಅಂಬರಾಯಾ.”

ಚಹಾ ಆರುವುದೇ ಈ ಪ್ರಾಸ ಹುಡುಕುವಷ್ಟರಲ್ಲಿ. ಬಿಸಿ ಚಹಾ ಬೇಕೆಂದರೆ ಅಂಬರಾಯ ಸ್ಟೇಷನ್ನಿಗೇ ಹೋಗಬೇಕು.

ಹೋದ ಮಳೆಗಾಲದಲ್ಲಿ ಅದೇ ಹಾಸುಗಲ್ಲಿನ ಮೇಲೆ ಜಾರಿಬಿದ್ದು ಶಿವಕಾಂತಮ್ಮನ ಸೊಂಟದ ಎಲುಬು ಮುರಿಯಿತು. ಆಪರೇಷನ್ ಆದ ಮೇಲೆ ನೋವಿಗೆ ಜೋರು ಗುಳಿಗೆ ಕೊಟ್ಟರು, ಅಫೀಮಿನ ಜಾತಿಯದು. ಚಹಾ ಈಗ ಅಂಬರಾಯರೇ ಕಾಸಿ, ಹೆಂಡತಿಯ ಕೈಗಿಟ್ಟು, ಒಡಪು ಕೇಳಿ ತಿರುಗಿ ಇಸಕೊಳ್ಳುತ್ತಿದ್ದರು. ಒಂದು ಮುಂಜಾನೆ, ನೋಡಲು ಬಂದ ಹೆಂಗಸರೆದುರು ಆಕೆ ಮಂಪರಿನಲ್ಲೇ ಒಡಪು ಹೇಳಿ, ಕೊನೆಗೆ ಗಂಡನ ಅಣ್ಣ ಭೀಮರಾಯರ ಹೆಸರು ಸೇರಿಸಿಬಿಟ್ಟರು. ಪ್ರಾಸ ತಪ್ಪಿರಲಿಲ್ಲ, ಗಂಡ ತಪ್ಪಿದ್ದ.

“ಹಂಗಾರ ಈ ಚಹಾ ಅಣ್ಣನ ಮನಿಗಿ ಕೊಟ್ಟು ಬರ್ಲಾ?” ಅಂದರು ಅಂಬರಾಯ. ಓಣಿಯೆಲ್ಲ ನಕ್ಕಿತು.

ನಗದವರು ಶಿವಕಾಂತಮ್ಮ ಒಬ್ಬರೇ. “ಇವತ್ತ ಹೆಸರು ಮರ್ತೀನಿ, ನಾಳಿ ಅವ್ರ ಮುಖಾನೇ ಮರ್ತರ ಹ್ಯಾಂಗಪ್ಪಾ?” ಎಂದು ದೇವರನ್ನು ಕೇಳಿ, ಯಾರಿಗೂ ಹೇಳದೆ ಗುಳಿಗೆ ಬಿಟ್ಟರು. ನಿದ್ದೆ ಹೋಯಿತು, ಮೈ ನಡುಗಿತು. ನೋವಿನಲ್ಲಿ ಭೀಮರಾಯರ ಹೆಸರೂ ನೆನಪಾಗಲಿಲ್ಲ. ಕೈಯಲ್ಲಿನ ಚಹಾ ಯಾರದೆಂದು ಗಂಡನನ್ನೇ ಕೇಳಿದರು.

ಡಾಕ್ಟರಮ್ಮ ಗದರಿದರು: “ಹಂಗ ಒಮ್ಮೆಲೇ ಬಿಡ್ತಾರೇನ್ರಿ? ಗುಳಿಗಿ ಮಂಪರು ತರ್ತದ. ನೋವಂತೂ ಮನಸ್ಸಿನ ಜಾಗಾ ಎಲ್ಲಾ ತಾನೇ ಹಿಡೀತದ. ಎರಡೂ ನೆನಪಿಗಿ ಅಡ್ಡ. ಎಲುಬು ಕೂಡಿದಂಗ ಸಾವಕಾಶ ಕಡಿಮಿ ಮಾಡೋಣು. ನಿಮ್ಮ ತಲಿ ಎಲ್ಲೂ ಹೋಗಿಲ್ಲ.”

ಗುಳಿಗೆ ಸಣ್ಣದಾಗುತ್ತ ಬಂತು, ನೋವೂ ತಗ್ಗಿತು. ಹೆಸರು ಕೆಲವು ದಿನ ಬರುತ್ತಿತ್ತು, ಕೆಲವು ದಿನ ಬಾರದು. ಅಷ್ಟರಲ್ಲೇ ಸುಲೇಪೇಟದ ಬೀಗರ ಮನೆಯಲ್ಲಿ ಮೊಮ್ಮಗಳ ತೊಟ್ಟಿಲ ಕಾರ್ಯ ಬಂತು.

ಕೂಸನ್ನು ತೊಟ್ಟಿಲಿಗೆ ಹಾಕಿದ್ದೇ ತಡ, ಹೆಸರು ತಪ್ಪಿದ ಸುದ್ದಿ ಕೇಳಿದ್ದ ಬೀಗರ ಕಡೆಯ ಹೆಂಗಸರು ಸುತ್ತುವರಿದರು. “ಅಜ್ಜಿ, ಒಡಪು ಹೇಳ್ರಿ! ಯಾರ ಹೆಸರು ಬರ್ತದೋ ನೋಡ್ತೀವಿ!” ಶಿವಕಾಂತಮ್ಮ ಮೊದಲ ಸಾಲು ಹೇಳಿ ನಿಂತರು. ಬಾಗಿಲಲ್ಲಿ ಚಹಾದ ಕಪ್ಪು ಹಿಡಿದ ಅಂಬರಾಯರ ನಗು ನಿಂತಿತು. ಶಹಾಬಾದಿನಿಂದ ಜೊತೆಗೆ ಬಂದಿದ್ದ ಪಕ್ಕದ ಮನೆಯ ಚಂದ್ರಕಲಾ ಬಗ್ಗಿ, “ದೊಡ್ಡವ್ವಾ, ಹೆಸರು ಕಿವ್ಯಾಗ ಹೇಳ್ಲಾ?” ಎಂದಳು.

“ಬ್ಯಾಡ ತಂಗಿ,” ಎಂದರು ಶಿವಕಾಂತಮ್ಮ, ಬಾಗಿಲ ಕಡೆ ನೋಡುತ್ತ. “ತಡ ಆದ್ರ ಆಗ್ಲಿ. ಆರಿದ ಚಹಾ ಅವ್ರಿಗಿ ರೂಢಿ ಅದ.”