ಜನ ಎಂತ ಹೇಳಿ ಹುಡುಕ್ತಾರೆ?

ಉಡುಪಿ ಕಡೆಯ ಸಣ್ಣ ಅಂಗಡಿಗಳು ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಿಗುವಂತೆ ಮಾಡುವುದು ನನ್ನ ಪರಿಚಯದವರೊಬ್ಬರ ಕೆಲಸವಾಗಿತ್ತು. ಅಂಗಡಿಯ ಬೋರ್ಡನ್ನು ಅವರು ನೋಡುತ್ತಲೇ ಇರಲಿಲ್ಲ. ಬಾಗಿಲಲ್ಲಿ ನಿಂತು ಗಿರಾಕಿಗಳ ಮಾತು ಕೇಳುತ್ತಿದ್ದರು. ಆಮೇಲೆ ಮಾಲೀಕರಿಗೆ ಒಂದೇ ಪ್ರಶ್ನೆ: “ಜನ ಎಂತ ಹೇಳಿ ಹುಡುಕ್ತಾರೆ?” ಯಾರೂ ಹುಡುಕದ ಪದವನ್ನು ಅವರು ಟೈಪು ಮಾಡುವವರಲ್ಲ.

ಒಮ್ಮೆ ಫೋಟೋ ತೆಗೆಯಲು ನಾನೂ ಅವರ ಜೊತೆ ಕಾಪು ಕಡಲತೀರದ ಒಂದು ಹೋಟೆಲಿಗೆ ಹೋಗಿದ್ದೆ. ‘ದೀಪಸ್ತಂಭದ ಹತ್ತಿರ ಮೀನೂಟ’ ಎಂದು ಅವರು ಹೋಟೆಲಿನ ವಿವರದಲ್ಲಿ ಟೈಪು ಮಾಡಿದರು.

ಹೋಟೆಲಿನ ಅಕ್ಕ ಒಲೆಯ ಉರಿ ಸಣ್ಣ ಮಾಡಿ ಬಂದರು. “ನಮ್ಮ ಯಜಮಾನರ ಹೆಸರೂ ಹಾಕಿ. ತೀರಿಹೋದರೆ ಎಂತ, ಶುರು ಮಾಡಿದ್ದು ಅವರೇ ಅಲ್ವಾ?”

“ಆ ಹೆಸರು ಹೇಳಿ ಯಾರು ಹುಡುಕ್ತಾರೆ ಅಕ್ಕ?”

“ನಾನು ಹುಡುಕ್ತೇನೆ.”

ಅವರ ಬೆರಳು ಕೀಬೋರ್ಡಿನ ಮೇಲೆ ನಿಂತಿತು. “ಒಬ್ಬರಿದ್ದಾರಲ್ಲ, ಸಾಕು” ಎಂದು, ಆ ಹೆಸರನ್ನೇ ಮೊದಲ ಸಾಲಿಗೆ ಹಾಕಿದರು.